‘ಕಾಂಬ’ ಎನ್ನುವ ಉತ್ತರಕ್ಕೆ ಗುಂಡಿಯಿಲ್ಲ

ನನ್ನ ನಂತರ ಈ ಕುರ್ಚಿಯಲ್ಲಿ ಯಾರು ಕೂರುತ್ತಾರೆಂದು ಇನ್ನೂ ತೀರ್ಮಾನವಾಗಿಲ್ಲ. ಯಾರೇ ಆಗಲಿ, ಕುರ್ಚಿಯ ಹಿಂದಿನ ಎಡಗಾಲಿನ ಅಡಿಯಲ್ಲಿ ಮಡಚಿಟ್ಟಿರುವ ರಟ್ಟನ್ನು ದಯವಿಟ್ಟು ತೆಗೆಯಬಾರದು. ತೆಗೆದರೆ ಕಾರ್ಯದರ್ಶಿಯು ಬಾಗಿಲಿನ ಕಡೆಗೆ ವಾಲುತ್ತಾನೆ. ಬಂದವರು ಅದನ್ನು ವಿನಯವೆಂದು ತಪ್ಪು ತಿಳಿದು ಗಂಟೆಗಟ್ಟಲೆ ಕೂತುಬಿಡುತ್ತಾರೆ. ಈ ಉದ್ಯೋಗದ ಬಗ್ಗೆ ನಾನು ಖಚಿತವಾಗಿ ಹೇಳಬಲ್ಲದ್ದು ಇಷ್ಟೇ. ಉಳಿದದ್ದೆಲ್ಲ ಅನುಭವ, ಅದಕ್ಕೆ ಖಾತ್ರಿ ಇಲ್ಲ.

ಹುದ್ದೆಯ ಹೆಸರು ಸಂಬಳಕ್ಕಿಂತ ಉದ್ದವಾದದ್ದು. ಕಡಲಾಚೆಯ ಒಂದು ವಿಶ್ವವಿದ್ಯಾನಿಲಯದ ಹಳೆಯ ವಿದ್ಯಾರ್ಥಿಗಳ ಸಂಘ, ಅದರ ಕುಂದಾಪುರ–ಬೈಂದೂರು–ಬ್ರಹ್ಮಾವರ ಘಟಕ, ಆ ಘಟಕದ ಕಚೇರಿ ಕಾರ್ಯದರ್ಶಿ. ಕುಂದಾಪುರದಲ್ಲಿ ಸೈಕಲ್ ಅಂಗಡಿಯ ಮಹಡಿಯ ಮೇಲಿನ ನಮ್ಮ ಕೋಣೆಯ ಬಾಗಿಲಿಗೆ ಇದೆಲ್ಲ ಹಿಡಿಸದೆ, ಪೇಂಟರು “ಕಡಲಾಚೆಯ ಹಳೆಯ ವಿದ್ಯಾರ್ಥಿಗಳು” ಎಂದಷ್ಟೇ ಬರೆದು ಕೈ ತೊಳೆದುಕೊಂಡ. ಅದನ್ನು ಓದಿ ಪಾಸ್‌ಪೋರ್ಟ್ ಮಾಡಿಸಲು ಬಂದವರುಂಟು, ದುಬೈಯಲ್ಲಿ ಅಡುಗೆ ಕೆಲಸ ಕೇಳಿ ಬಂದವರುಂಟು. ಮಗ ಹತ್ತನೇ ತರಗತಿಯಲ್ಲಿ ಮೂರನೆಯ ಸಲ ಕೂತಿದ್ದಾನೆ, ಅವನನ್ನೂ ಹಳೆಯ ವಿದ್ಯಾರ್ಥಿ ಎಂದು ಸೇರಿಸಿಕೊಳ್ಳಬಹುದೇ ಎಂದು ಕೇಳಿದ ತಂದೆಯೂ ಒಬ್ಬರಿದ್ದರು.

ಆ ವಿಶ್ವವಿದ್ಯಾನಿಲಯದ ಹೆಸರು ಹೇಳುವುದಿಲ್ಲ. ನಿವೃತ್ತನಾದ ಮೇಲೂ ಅವರ ಮೇಲ್ ನಿಂತಿಲ್ಲ. ಹೆಸರು ಹೇಳಿದರೆ ಇನ್ನಷ್ಟು ಬಂದೀತು. ನಾನಂತೂ ಅಲ್ಲಿ ಓದಿದವನಲ್ಲ. ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಸ್ಟನಾಗಿದ್ದೆ. ಸುಮತಿ ಮೇಡಂ ಒಂದು ಕಾಗದ ಟೈಪ್ ಮಾಡಿಸಲು ಬಂದರು, ಕಾಗದದ ಜೊತೆಗೆ ನನ್ನನ್ನೂ ತೆಗೆದುಕೊಂಡು ಹೋದರು.

ಸುಮತಿ ಮೇಡಂ ಘಟಕದ ಸ್ಥಾಪಕ ಅಧ್ಯಕ್ಷೆ, ಮತ್ತು ನನಗೆ ತಿಳಿದಂತೆ ಏಕೈಕ ಅಧ್ಯಕ್ಷೆ. ಚುನಾವಣೆ ಪ್ರತಿ ವರ್ಷ ನಡೆಯುತ್ತದೆ. ಎದುರು ನಿಲ್ಲುವ ಧೈರ್ಯ ಯಾರಿಗೂ ಬಂದಿಲ್ಲ. ಹಿಡಿದ ಮೀನು ಕೆಡುವುದು ಹೇಗೆ, ಕೆಡದಂತೆ ಇಡುವುದು ಹೇಗೆ ಎಂಬುದನ್ನು ಕಲಿಯಲು ಅವರು ಹರೆಯದಲ್ಲಿ ಆ ಹಿಮದ ಊರಿಗೆ ಹೋದರು. ಆಗ ಅವರ ಅಬ್ಬೆ, “ಮೀನ್ ಎಂತಕ್ ನಾರತ್ತ್ ಅಂತ ಕೇಂಬುಕೆ ಅಷ್ಟ್ ದೂರ ಹೋಯ್ಕಾ? ನಮ್ ಹಿತ್ಲಂಗ್ ನಿತ್ರೆ ಸಾಕಲೆ!” ಎಂದಿದ್ದರಂತೆ. ಒಬ್ಬ ಮುಂಬೈಗೆ ಹೋಗಿ ಹೋಟೆಲು ಹಾಕಿದರೆ ಹಿಂದಿನಿಂದ ಅವನ ಭಾವ, ಭಾವನ ತಮ್ಮ, ತಮ್ಮನ ನೆರೆಮನೆಯವ ಹೀಗೆ ಊರೇ ಹೋಗುವುದು ನಮ್ಮ ಕಡೆಯ ಪದ್ಧತಿ. ಅದೇ ಪದ್ಧತಿಯಂತೆ ಮೇಡಂ ಹಿಂದಿನಿಂದ ಡಾಕ್ಟರು, ಇಂಜಿನಿಯರು, ಮೇಷ್ಟ್ರು ಎಲ್ಲ ಅದೇ ವಿಶ್ವವಿದ್ಯಾನಿಲಯಕ್ಕೆ ಹೋದರು, ಓದಿದರು, ಬಹಳಷ್ಟು ಮಂದಿ ತಿರುಗಿ ಬಂದರು. ಸಂಘವಾಗಲು ಇನ್ನೇನು ಬೇಕು?

ಮೊದಮೊದಲು ಅಲ್ಲಿಂದ ನೀಲಿ ಅಂಚಿನ ಕಾಗದಗಳು ಬರುತ್ತಿದ್ದವು. ಉತ್ತರ ಬರೆಯಲು ತಿಂಗಳ ವ್ಯವಧಾನವಿತ್ತು. ಅಷ್ಟರಲ್ಲಿ ಅರ್ಧ ಪ್ರಶ್ನೆಗಳು ತಾವಾಗಿಯೇ ಬಗೆಹರಿಯುತ್ತಿದ್ದವು. ಆಮೇಲೆ ಇ–ಮೇಲ್ ಬಂತು, ವ್ಯವಧಾನ ಹೋಯಿತು. ಆಮೇಲೆ ವಾಟ್ಸಾಪ್ ಬಂತು, ಪ್ರಶ್ನೆಯೂ ಹೋಯಿತು. ಈಗ ನಮ್ಮ ಗುಂಪಿನಲ್ಲಿ ಬೆಳಿಗ್ಗೆ ಗುಲಾಬಿ, ಸಂಜೆ ದೀಪ, ಹುಟ್ಟುಹಬ್ಬಕ್ಕೆ ಕೇಕು, ಅಷ್ಟೇ.

ನಾನು ಹೇಳಹೊರಟದ್ದು ನನ್ನ ಕೊನೆಯ ವರ್ಷದ ಚಟುವಟಿಕೆಗಳ ಕಥೆ.

ಆ ವರ್ಷ ಕಡಲಾಚೆಯ ಕಚೇರಿಗೆ ಹೆಲೆನ್ ಎಂಬ ಹೊಸ ಅಧಿಕಾರಿ ಬಂದರು. ಹೊಸ ಅಧಿಕಾರಿ ಬಂದರೆ ಹೊಸ ನಿಯಮ ಬರುವುದು ಎಲ್ಲ ದೇಶಗಳಲ್ಲೂ ಒಂದೇ. ಪ್ರತಿ ಘಟಕವೂ ವರ್ಷದಲ್ಲಿ ಒಂದು ‘ನೆಟ್‌ವರ್ಕಿಂಗ್’ ಸಭೆ, ಒಂದು ಸಮಾಜಸೇವೆ, ಒಂದು ವಾರ್ಷಿಕ ಡಿನ್ನರು ನಡೆಸಬೇಕು. ಡಿನ್ನರಿಗೆ ಸ್ವತಃ ಹೆಲೆನ್ ಬರುತ್ತಾರೆ. ಅಲ್ಲಿ ಮೂವತ್ತು ಮಂದಿ ಸದಸ್ಯರಾದರೂ ಕಾಣದಿದ್ದರೆ ಘಟಕವನ್ನು ಬೆಂಗಳೂರಿನ ಘಟಕದೊಳಗೆ ಸೇರಿಸಲಾಗುವುದು.

ಸೇರಿಸಿದರೆ ಏನು ಮಹಾ ನಷ್ಟ ಎಂದು ನೀವು ಕೇಳಬಹುದು. ನಷ್ಟ ಒಂದೇ, ಆದರೆ ದೊಡ್ಡದು. ನಮ್ಮ ಘಟಕಕ್ಕೆ ಒಂದು ಸೀಟು ಇತ್ತು: ಈ ಮೂರು ತಾಲೂಕಿನ ಒಬ್ಬ ವಿದ್ಯಾರ್ಥಿಯನ್ನು ವರ್ಷಕ್ಕೊಮ್ಮೆ ನಾವು ಆರಿಸಿ ಕಳಿಸಿದರೆ ಅವರು ಶುಲ್ಕವಿಲ್ಲದೆ ಓದಿಸುತ್ತಿದ್ದರು. ಮೇಡಂ ಎಷ್ಟೋ ವರ್ಷ ಕಾಗದ ಬರೆದು ಬರೆದು ಗಳಿಸಿದ ಸೀಟು ಅದು. ಘಟಕ ಹೋದರೆ ಸೀಟು ಬೆಂಗಳೂರಿಗೆ ಹೋಗುತ್ತಿತ್ತು. ಮತ್ತು ಆ ವರ್ಷ ನಾವು ಆರಿಸಿದ್ದು ಕಿರಿಮಂಜೇಶ್ವರದ ಅಕ್ಷತಾಳನ್ನು. ಕಡಲು ದಡವನ್ನು ಹೇಗೆ ತಿನ್ನುತ್ತದೆ ಎಂಬುದನ್ನು ಓದಲು ಹೊರಟ ಹುಡುಗಿ. ಅವಳ ಮನೆಯ ಹಿಂದಿನ ಮೂರು ತೆಂಗಿನಮರಗಳನ್ನು ಕಡಲು ಈಗಾಗಲೇ ತಿಂದಿತ್ತು. ಹಾಗಾಗಿ ವಿಷಯ ಅವಳಿಗೆ ಹೊಸದಲ್ಲ.

ಅಕ್ಷತಾಳ ತಾಯಿ ಗಿರಿಜಕ್ಕ ಕುಂದಾಪುರದ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಾಳೆ. ನಾನು ಅವಳ ಖಾಯಂ ಗಿರಾಕಿ. ಹೆಸರು ಕಳಿಸಿದ ದಿನದಿಂದ ನನ್ನ ಮನೆಯ ಸಾರು ಕಡಲಾಚೆಯ ಕಚೇರಿಯ ಮೇಲೆ ಅವಲಂಬಿತವಾಯಿತು.

“ಹ್ವಾಯ್ ಸೆಕ್ರೆಟ್ರೇ, ನಮ್ ಹೆಣ್ಣಿನ್ ಸೀಟ್ ಎಂತ ಆಯ್ತ್?”

“ಹೆಸ್ರ್ ಹೋಯಿತ್, ಗಿರಿಜಕ್ಕ.”

“ಹೋಪುದ್ ಎಲ್ಲ ಹೋತ್ತ್. ಬಪ್ಪುದ್ ಯಾವಾಗ?”

ಸುದ್ದಿ ಒಳ್ಳೆಯದಿದ್ದರೆ ಕಣ್ಣು ಮಿನುಗುವ ಬಂಗುಡೆ. ಸುದ್ದಿ ಇಲ್ಲದಿದ್ದರೆ ಸಣ್ಣ ಬೈಗೆ ಮೀನು. ಹೊಸ ನಿಯಮದ ಸುದ್ದಿ ಹೇಳಿದ ದಿನ ಅವಳು ನನ್ನ ಚೀಲಕ್ಕೆ ಹಾಕಿದ ಮೀನಿನ ಹೆಸರು ನನಗೆ ಈಗಲೂ ಗೊತ್ತಿಲ್ಲ. ಬೆಕ್ಕಿಗೂ ಗೊತ್ತಾಗಲಿಲ್ಲ, ಮೂಸಿ ಹೋಯಿತು.

ಇನ್ನು ಚಟುವಟಿಕೆಗಳು.

ನೆಟ್‌ವರ್ಕಿಂಗ್ ಸಭೆಗೆ ಅಚ್ಚ ಕನ್ನಡದಲ್ಲಿ ಪ್ರಕಟಣೆ ಕೊಡಬೇಕೆಂದು ಮೇಡಂ ಹಟ ಹಿಡಿದರು. ನೆಟ್ ಎಂದರೆ ಬಲೆ. ‘ಪರಿಚಯದ ಬಲೆ ಹೆಣೆಯೋಣ ಬನ್ನಿ’ ಎಂದು ಬರೆಸಿದರು. ಚೆನ್ನಾಗಿತ್ತು. ಪತ್ರಿಕೆಯವರು ಜಾಗ ಸಾಲದೆ ‘ಪರಿಚಯದ’ ಎಂಬುದನ್ನು ಕತ್ತರಿಸಿ, “ಬಲೆ ಹೆಣೆಯೋಣ ಬನ್ನಿ: ವಿದೇಶಿ ವಿಶ್ವವಿದ್ಯಾನಿಲಯದ ಕಾರ್ಯಕ್ರಮ” ಎಂದು ಹಾಕಿದರು. ಸಭೆಯ ದಿನ ಬೆಳಿಗ್ಗೆ ಸೈಕಲ್ ಅಂಗಡಿಯ ಎದುರು ಎರಡು ಟೆಂಪೋ ನಿಂತವು. ಫಾರಿನ್ ಬಲೆ ಪುಕ್ಕಟೆ ಹಂಚುತ್ತಾರೆಂದು ಮರವಂತೆ ಕಡೆಯ ಮೀನುಗಾರರು ಬಂದಿದ್ದರು. ಟೈ ಕಟ್ಟಿಕೊಂಡು ಬಂದಿದ್ದ ನಮ್ಮ ಸದಸ್ಯರಿಗೆ ಮೆಟ್ಟಿಲ ಮೇಲೂ ಜಾಗ ಸಿಗಲಿಲ್ಲ.

ಮೀನುಗಾರರಲ್ಲಿ ಹಿರಿಯರೊಬ್ಬರು ಕೇಳಿದರು: “ಬಲಿ ಎಲ್ಲಿತ್, ಕಾಂಬ?”

“ಇದ್ ಆ ಬಲಿ ಅಲ್ಲ ಮರಾಯ್ರೆ,” ಎಂದೆ. “ಒಬ್ರಿಗೊಬ್ರ್ ಪರಿಚಯ ಮಾಡ್ಕಂಬ ಬಲಿ.”

“ಪರಿಚಯವಾ?” ಎಂದು ಅವರು ಸುತ್ತ ನೋಡಿ, ನಮ್ಮ ಬೈಂದೂರಿನ ಇಂಜಿನಿಯರರತ್ತ ಬೆರಳು ತೋರಿಸಿದರು. “ಇವ್ರ್ ಗೊತ್ತಿಲ್ದೆ ಎಂತ! ಸಣ್ಣ ಮಾಣಿ ಆಯಿಪ್ಪತ್ತಿಗೆ ನಮ್ಮ ದೋಣಿಯಂಗೆ ವಾಂತಿ ಮಾಡಿದ್ದ್ ಇವ್ರೇ ಅಲ್ದಾ?”

ಬಂದರುಗಳ ಬಗ್ಗೆ ವಿದೇಶದಲ್ಲಿ ಡಾಕ್ಟರೇಟ್ ಮಾಡಿ ನಿವೃತ್ತರಾಗಿದ್ದ ಇಂಜಿನಿಯರರು ಶೂಸಿನ ಲೇಸು ಕಟ್ಟಲು ಬಗ್ಗಿದರು. ಬಹಳ ಹೊತ್ತು ಕಟ್ಟಿದರು. ಅವರ ಶೂಸಿಗೆ ಲೇಸು ಇರಲಿಲ್ಲ. ಮೇಡಂ ಬಂದವರಿಗೆಲ್ಲ ಚಹಾ ಅವಲಕ್ಕಿ ಕೊಡಿಸಿ, ಮೀನಿಗೆ ಐಸು ಹಾಕುವ ಬಗೆಯ ಮೇಲೆ ಭಾಷಣವನ್ನೂ ಕೊಟ್ಟರು. ನಾನು ಫೋಟೋ ಕಳಿಸಿದೆ. ಇಷ್ಟು ದೊಡ್ಡ ನೆಟ್‌ವರ್ಕಿಂಗ್ ಸಭೆ ಬೇರೆ ಯಾವ ಘಟಕದಲ್ಲೂ ನಡೆದಿಲ್ಲವೆಂದು ಹೆಲೆನ್ ಅಭಿನಂದಿಸಿ ಬರೆದರು. ಆ ದಿನ ಬಂಗುಡೆ ಸಿಕ್ಕಿತು.

ಸಮಾಜಸೇವೆಗೆ ಮರವಂತೆಯ ಕಡಲತೀರ ಗುಡಿಸುವುದೆಂದಾಯಿತು. ಅಲ್ಲಿ ರಸ್ತೆಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಹೊಳೆ. ನಮ್ಮವರು ಕೈಗೆ ಗವಸು ಹಾಕಿಕೊಂಡು ಬಾಟಲಿ, ಪ್ಲಾಸ್ಟಿಕ್, ಒಂಟಿ ಚಪ್ಪಲಿಗಳನ್ನು ಹೆಕ್ಕಿ ಗೋಣಿ ತುಂಬಿದರು. ನಿಜವಾಗಿಯೂ ತುಂಬಿದರು, ನಾನೇ ಸಾಕ್ಷಿ. ಕೊನೆಗೆ ಫೋಟೋಕ್ಕೆಂದು ನಮ್ಮ ದೊಡ್ಡ ಬ್ಯಾನರು ಬಿಡಿಸಿದ್ದೇ, ಕಡಲ ಗಾಳಿ ಅದನ್ನು ಕಿತ್ತುಕೊಂಡು, ಹೆದ್ದಾರಿ ದಾಟಿಸಿ, ಲಾರಿಯೊಂದರ ಮುಖಕ್ಕೆ ಒಮ್ಮೆ ಒರೆಸಿ, ಹೊಳೆಗೆ ಹಾಕಿತು. ವಿಶ್ವವಿದ್ಯಾನಿಲಯದ ಲಾಂಛನ ಗಂಭೀರವಾಗಿ ತೇಲುತ್ತಾ ಹೋಯಿತು.

“ಕಸ ಹೆಕ್ಕುಕೆ ಬಂದ್ ಕಸ ಹಾಕಿ ಹೋಪುದಾ? ವಾಸುದೇವ, ದೋಣಿ ಕರಿ!” ಎಂದು ಮೇಡಂ ರಸ್ತೆಯ ಆಚೆಯಿಂದ ನನ್ನತ್ತ ಕೂಗಿದರು.

ದೋಣಿ ಬಂತು. ಬ್ಯಾನರು ಸಿಕ್ಕಿತು. ಅದರೊಳಗೆ ನಾಲ್ಕು ಸೀಗಡಿಯೂ ಸಿಕ್ಕವು. ವರದಿಯಲ್ಲಿ ನಾನು ಸೀಗಡಿಯ ವಿಷಯ ಬರೆಯಲಿಲ್ಲ. ಎಲ್ಲವನ್ನೂ ಬರೆದರೆ ಮುಂದಿನ ವರ್ಷ ಅದನ್ನೂ ಗುರಿಯಾಗಿ ಕೊಡುತ್ತಾರೆ.

ಉಳಿದದ್ದು ಡಿನ್ನರು. ಸಂಜೆಯ ಬಸ್ಸುಗಳ ಪರಿಸ್ಥಿತಿ ಗೊತ್ತಿದ್ದ ಮೇಡಂ ಅದನ್ನು ಮಧ್ಯಾಹ್ನದ ಊಟ ಮಾಡಿದರು. ಹೆಸರು ಮಾತ್ರ ಡಿನ್ನರು ಎಂದೇ ಉಳಿಯಿತು. ಜಾಗ ಕುಂಭಾಶಿಯ ಹತ್ತಿರದ ಒಂದು ಹಾಲ್. ಊಟ ಸಸ್ಯಾಹಾರಿ, ಏಕೆಂದರೆ ಮೀನು ಮಾಡಿದರೆ ಮಸಾಲೆಯ ಮೇಲೆ ಮೂರು ತಾಲೂಕಿನವರು ಮೂರು ಪಂಗಡವಾಗುತ್ತಾರೆ.

ಇಲ್ಲಿಂದ ನಿಜವಾದ ಉದ್ಯೋಗ ಶುರು. ಹೊಸಬರು ಗಮನವಿಟ್ಟು ಓದಬೇಕು.

ಹೆಲೆನ್ ಪ್ರತಿ ಸದಸ್ಯರ ಹೆಸರಿನ ಮುಂದೆ ಕಂಪ್ಯೂಟರಿನಲ್ಲಿ ಎರಡು ಗುಂಡಿಗಳನ್ನು ಇಟ್ಟಿದ್ದರು: ಬರುತ್ತಾರೆ, ಬರುವುದಿಲ್ಲ. ಒಂದನ್ನು ಒತ್ತಬೇಕು. ನಾನು ವಾಟ್ಸಾಪಿನಲ್ಲಿ ಆಮಂತ್ರಣದ ಚಿತ್ರ ಹಾಕಿದೆ, ಆಮೇಲೆ ಒಬ್ಬೊಬ್ಬರಿಗೂ ಫೋನು ಮಾಡಿದೆ. ಎಲ್ಲರೂ ಒಂದೇ ಉತ್ತರ ಕೊಟ್ಟರು.

“ಕಾಂಬ.”

ಘಟ್ಟದ ಮೇಲಿನವರು ‘ನೋಡೋಣ’ ಎನ್ನುತ್ತಾರಲ್ಲ, ಅದೇ ಇದು ಎಂದು ನಿಘಂಟು ಹೇಳೀತು. ಹೇಳಿದರೆ ನಿಘಂಟು ಕುಂದಾಪುರದಲ್ಲಿ ಒಂದು ಸಂತರ್ಪಣೆಯನ್ನೂ ನಡೆಸಿಲ್ಲವೆಂದು ಅರ್ಥ. ಬರುವುದಿಲ್ಲ ಎಂದು ಮುಖದ ಮೇಲೆ ಹೇಳುವಷ್ಟು ಮರ್ಯಾದೆಗೆಟ್ಟವರು ನಮ್ಮಲ್ಲಿಲ್ಲ. ಬಂದೇ ಬರುತ್ತೇನೆ ಎನ್ನುವಷ್ಟು ಅಹಂಕಾರಿಗಳೂ ಇಲ್ಲ. ನಾಳೆಯ ಗಾಳಿ ಯಾವ ಕಡೆಯದೋ ಯಾರು ಬಲ್ಲರು? ಈ ಎರಡರ ನಡುವೆ ಇಡೀ ಕರಾವಳಿಯ ಸಭ್ಯತೆ ‘ಕಾಂಬ’ ಎಂಬ ಒಂದೇ ಮಾತಿನ ಮೇಲೆ ನಿಂತಿದೆ.

ಹಿಂದೊಂದು ವರ್ಷ ಇದೇ ಸಂದೇಹ ಬಂದಾಗ ಮೇಡಂ ವಿಜ್ಞಾನಿಯ ಖಚಿತತೆಯಿಂದ ಆಜ್ಞೆ ಮಾಡಿದ್ದರು: “ಕಾಂಬ ಅಂದ್ರೆ ಕಾಂತ್ರ್ ಅಂತ ಅರ್ಥ. ಕಾಣ್ಕಾರೆ ಬರ್ಕಲೆ? ಬತ್ರ್ ಅಂತ ಬರಿ.” ಕಾಣಬೇಕಾದರೆ ಬರಬೇಕು ಎಂಬ ತರ್ಕ. ಎಲ್ಲರೂ ಬರುತ್ತಾರೆಂದು ಬರೆದೆ. ಆ ವರ್ಷ ಉಳಿದ ಪಾಯಸವನ್ನು ನಾವು ಸೈಕಲ್ ಅಂಗಡಿಯವರಿಗೆ, ಅವರ ಗಿರಾಕಿಗಳಿಗೆ, ಕೊನೆಗೆ ಪಂಕ್ಚರ್ ಇಲ್ಲದೆ ಸುಮ್ಮನೆ ದಾರಿಯಲ್ಲಿ ಹೋಗುತ್ತಿದ್ದವರಿಗೂ ಕರೆದು ಕೊಟ್ಟೆವು. ಮರುವರ್ಷ ಕಾಂಬ ಎಂದವರನ್ನೆಲ್ಲ ಬರುವುದಿಲ್ಲ ಎಂದು ಹಿಡಿದೆವು. ಎಲ್ಲರೂ ಬಂದರು. ಎರಡನೆಯ ಪಂಕ್ತಿಗೆ ಉಪ್ಪಿನಕಾಯಿ ಮತ್ತು ಕ್ಷಮಾಪಣೆ ಬಡಿಸಲಾಯಿತು.

ಈ ಎರಡು ಪ್ರಯೋಗಗಳ ಫಲವಾಗಿ ನಾನು ಕಾಂಬ–ಶಾಸ್ತ್ರವೊಂದನ್ನು ರಚಿಸಿದೆ. ನಿಂತುಕೊಂಡು ಹೇಳಿದ ಕಾಂಬ: ಬರುವುದಿಲ್ಲ. ಕೂತುಕೊಂಡು ಹೇಳಿದ ಕಾಂಬ: ಮನಸ್ಸಿದೆ, ತೀರ್ಮಾನವಿಲ್ಲ. ನಿಮ್ಮನ್ನು ಬೀಳ್ಕೊಡಲು ಗೇಟಿನವರೆಗೆ ನಡೆದು ಬಂದು ಹೇಳಿದ ಕಾಂಬ: ಬಂದೇ ಬರುತ್ತಾರೆ, ಎಲೆ ಹಾಕಿಸಬಹುದು. ಫೋನಿನ ಕಾಂಬಕ್ಕೆ ಮಾತ್ರ ಅರ್ಥ ಹೇಳಲು ಬಾರದು. ಅದು ಪೆಟ್ಟಿಗೆಯೊಳಗೆ ಐಸು ಮುಚ್ಚಿದ ಮೀನು, ಕಣ್ಣು ಕಾಣುವುದಿಲ್ಲ. ಈ ಶಾಸ್ತ್ರವನ್ನು ಗಿರಿಜಕ್ಕನಿಗೆ ವಿವರಿಸಿದಾಗ ಅವಳು ಮೀನು ಕೊಯ್ಯುವ ಕತ್ತಿ ನಿಲ್ಲಿಸದೆ, “ಇಷ್ಟ್ ಓದಿದ್ರಿಗೆ ಸಂಬ್ಳ ಕೊಡ್ತ್ರಾ ಅಲ್ಲಿ?” ಎಂದಳು.

ಶಾಸ್ತ್ರವಿದ್ದರೂ ಗುಂಡಿ ಎರಡೇ. ಮೂರನೆಯ ಗುಂಡಿ ಇಡಬಹುದೇ ಎಂದು ಹೆಲೆನ್ ಅವರಿಗೆ ಬರೆದೆ. ಸದಸ್ಯರು ಬರುತ್ತಾರೋ ಇಲ್ಲವೋ ಅಷ್ಟು ಹೇಳಿ ಎಂದು ಉತ್ತರ ಬಂತು. ನಾನು ಕಾಂಬದ ಮೂರು ಬಗೆಗಳನ್ನೂ ಫೋನಿನ ವಿಶೇಷ ಪ್ರಕರಣವನ್ನೂ ವಿವರಿಸಿ ಎರಡು ಪುಟದ ಪ್ರಬಂಧ ಕಳಿಸಿದೆ. ಅದಕ್ಕೆ ಉತ್ತರ ಬರಲಿಲ್ಲ. ಬೆಂಗಳೂರು ಘಟಕದವರು ಮಾತ್ರ ನಮ್ಮ ಸದಸ್ಯರ ವಿಳಾಸಗಳನ್ನು ಕಳಿಸಿಕೊಡಿ, ವರ್ಗಾವಣೆಗೆ ಅನುಕೂಲವಾಗುತ್ತದೆ ಎಂದು ಬಹಳ ಸೌಜನ್ಯದಿಂದ ಬರೆದರು.

ಆ ಸೌಜನ್ಯ ಮೇಡಂ ಅವರನ್ನು ಕೆರಳಿಸಿತು. ನನ್ನ ಎದುರೇ ಬೈಂದೂರಿನ ಇಂಜಿನಿಯರರಿಗೆ ಫೋನು ಹಚ್ಚಿ, ಬರುತ್ತೀರೋ ಇಲ್ಲವೋ ಎಂದು ನೇರವಾಗಿ ಕೇಳಿಯೇ ಬಿಟ್ಟರು.

“ಹೇಳ್ಕಿ ಇಲ್ದೆ ಹ್ಯಾಂಗ್ ಬಪ್ಪುದ್, ಮೇಡಂ?” ಎಂದಿತು ಆ ಕಡೆಯ ಧ್ವನಿ, ತುಸು ನೋವಿನಿಂದ. “ಫೋನಂಗೆ ಒಂದ್ ಚಿತ್ರ ಬಂದಿತ್. ಹೂ, ದೀಪ ಎಲ್ಲ ಇತ್ತ್. ನಾನ್ ಗುಡ್ ಮಾರ್ನಿಂಗ್ ಅಂತ ಮಾಡಿದೆ.”

ಮೇಡಂ ಫೋನು ಇಟ್ಟರು. ಹೇಳಿಕೆ ಎಂದರೆ ನಮ್ಮಲ್ಲಿ ಆಮಂತ್ರಣ. ಮನೆಗೆ ಹೋಗಿ, ಜಗಲಿಯಲ್ಲಿ ಕೂತು, ಬಾಯಲ್ಲಿ ಹೇಳಬೇಕು. ಹೇಳಿಕೆ ಇಲ್ಲದ ಊಟಕ್ಕೆ ಹೋಗುವವನನ್ನು ಊರು ಜೀವಮಾನವಿಡೀ ನೆನಪಿಡುತ್ತದೆ. ಹಿಮದ ದೇಶದಲ್ಲಿ ಓದಿ ಬಂದರೇನು, ಇದರಲ್ಲಿ ಎಲ್ಲರೂ ಇಲ್ಲಿನವರೇ.

“ನಡಿ ಮಾರಾಯ, ಹೇಳ್ಕಿಗೆ ಹೋಪ,” ಎಂದು ಮೇಡಂ ಎದ್ದರು.

ಮೇಡಂ ಅವರ ಹಳೆಯ ಕಾರಿನಲ್ಲಿ ನಾವು ಮೂರು ತಾಲೂಕು ಸುತ್ತಿದೆವು. ಅವರು ಕಾರು ಓಡಿಸುವ ವೇಗಕ್ಕೆ ಸೈಕಲ್ಲಿನವರು ಪಕ್ಕದಲ್ಲಿ ಬಂದು ಯೋಗಕ್ಷೇಮ ವಿಚಾರಿಸಿ ಮುಂದೆ ಹೋಗುತ್ತಿದ್ದರು. ಹೋದಲ್ಲೆಲ್ಲ ಬೆಲ್ಲ, ನೀರು, ಚಹಾ, ಮಂಡಿನೋವಿನ ವಿಚಾರ, ಕೊನೆಗೆ ಹೇಳಿಕೆ. ಉತ್ತರ? ಅದೇ ಕಾಂಬ. ನನ್ನ ಶಾಸ್ತ್ರ ಪ್ರಯೋಗಕ್ಕೆ ಬಂದದ್ದು ಆಗಲೇ, ಮತ್ತು ಅದರ ಮಾನ ಹೋದದ್ದೂ ಆಗಲೇ.

ಬ್ರಹ್ಮಾವರದ ದಂತವೈದ್ಯರು ಕ್ಲಿನಿಕ್ಕಿನ ಬಾಗಿಲಲ್ಲೇ ನಿಂತು ಮಾತಾಡಿಸಿದರು. ಹಿಂದಿನ ಒಂದು ಗ್ರೂಪ್ ಫೋಟೋದಲ್ಲಿ ತಮ್ಮನ್ನು ಕಂಬದ ಹಿಂದೆ ನಿಲ್ಲಿಸಿದ್ದರೆಂಬ ಕೊರಗು ಅವರಿಗಿತ್ತು. ಇದು ನಿಂತ ಕಾಂಬವಾಗಿ ಮುಗಿಯುತ್ತದೆಂದು ಕಂಡ ಮೇಡಂ, ಅವರನ್ನು ಸರಿಸಿ ಒಳಗೆ ನುಗ್ಗಿ, ರೋಗಿಯ ಕುರ್ಚಿಯಲ್ಲಿ ಮಲಗಿ ಬಾಯಿ ತೆರೆದರು.

“ಎಂತ ಮೇಡಂ, ಹಲ್ ನೋವಾ?”

“ಕಾಣ್, ಎಷ್ಟ್ ನೋವ್ ಇತ್ತ್ ಅಂತ ನೀನೇ ಕಾಣ್.”

ವೈದ್ಯರು ಸ್ಟೂಲು ಎಳೆದು ಕೂತರು, ದೀಪ ಹಾಕಿದರು, ಕನ್ನಡಿ ಇಳಿಸಿದರು. ಕನ್ನಡಿ ಬಾಯಲ್ಲಿರುವಾಗಲೇ ಮೇಡಂ ಹೇಳಿಕೆ ಹೇಳಿದರು. ಅದರಲ್ಲಿ ವ್ಯಂಜನಗಳಿರಲಿಲ್ಲ, ಬರೀ ಸ್ವರಗಳು. ಆದರೂ ವೈದ್ಯರಿಗೆ ಅರ್ಥವಾಯಿತು.

“ಕಾಂಬ ಮೇಡಂ,” ಎಂದರು, ಹಲ್ಲಿನಿಂದ ಕಣ್ಣು ತೆಗೆಯದೆ. “ಈ ದವಡಿ ಹಲ್ ಉಳುದಿಲ್ಲ.”

ಹೊರಗೆ ಬಂದ ಮೇಲೆ ಮೇಡಂ ಕೇಳಿದರು: “ಕೂಕಂಡ್ ಹೇಳ್ದ. ಯಾವ ಲೆಕ್ಕ?” ಕೂತದ್ದು ನಿಜ, ಆದರೆ ವೃತ್ತಿನಿಮಿತ್ತ ಕೂತದ್ದು. ಅದೂ ಹಲ್ಲಿಗೆ ಹೇಳಿದ ಕಾಂಬವೋ ಊಟಕ್ಕೆ ಹೇಳಿದ್ದೋ ಎಂಬುದೂ ಅಸ್ಪಷ್ಟ. ಶಾಸ್ತ್ರದಲ್ಲಿ ಇದಕ್ಕೆ ವಿಧಿ ಇರಲಿಲ್ಲ.

ಬೈಂದೂರಿನಲ್ಲಿ ಇಂಜಿನಿಯರರು ಹೇಳಿಕೆ ಬಂತೆಂದು ಅರಳಿ ಹೋದರು. ಮೂರು ಬಗೆಯ ಹಪ್ಪಳ ಕರಿಸಿದರು. ನಾವು ಹೊರಟಾಗ ಗೇಟಿನವರೆಗೆ ನಡೆದು ಬಂದು, ಕೈ ಮುಗಿದು, “ಕಾಂಬ” ಎಂದರು. ನಾನು ವಿಜಯದಿಂದ ಮೇಡಂ ಮುಖ ನೋಡಿದೆ. ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿಯ ಧ್ವನಿ ಬಂತು: “ಹೋಯ್ದ್ರಾ? ಬೇಗ ಗೇಟ್ ಹಾಕ್ಕಣಿ, ದನ ಒಳ್ಗ್ ಬತ್ತ್!”

ಬೀಳ್ಕೊಡಲು ಬಂದದ್ದೋ, ದನಕ್ಕಾಗಿ ಬಂದದ್ದೋ? ಮರುದಿನ ಈ ದನದ ಕಥೆ ಕೇಳಿ ಗಿರಿಜಕ್ಕ ಮಾರ್ಕೆಟ್ಟಿಗೇ ಕೇಳುವಂತೆ ನಕ್ಕಳು.

ಊಟದ ಹಿಂದಿನ ದಿನ ಅಡುಗೆಯವರು ಕೇಳಿದರು: “ಎಷ್ಟ್ ಜನಕ್ಕೆ?”

“ಕಾಂಬ,” ಎಂದೆ, ಅಭ್ಯಾಸಬಲದಿಂದ.

“ಹ್ವಾಯ್, ಕಾಂಬ ಅಂದ್ರೆ ಅಕ್ಕಿ ಬೇಯ್ತಾ?”

ಕಂಪ್ಯೂಟರಿನಲ್ಲಿ ನಾನು ಯಾರ ಹೆಸರಿಗೂ ಯಾವ ಗುಂಡಿಯನ್ನೂ ಒತ್ತಲಿಲ್ಲ. ಅಡುಗೆಯವರಿಗೆ ಮಾತ್ರ, “ಒಂದ್ ಮದಿಗ್ ಆಪಷ್ಟ್ ಮಾಡಿ,” ಎಂದೆ. ಮದುವೆ ಸಣ್ಣದೋ ದೊಡ್ಡದೋ ಅವರೂ ಕೇಳಲಿಲ್ಲ.

ಆ ದಿನ ಹೆಲೆನ್ ಸಮಯಕ್ಕೆ ಸರಿಯಾಗಿ ಬಂದರು. ಕೆಂಪು ಮುಖದ, ನಗುವ ಕಣ್ಣಿನ, ನಡುವಯಸ್ಸಿನ ಹೆಂಗಸು, ಬಗಲಲ್ಲಿ ಫೈಲು. ಹಾಲಿನಲ್ಲಿ ಮೇಡಂ ಇದ್ದರು, ನಾನಿದ್ದೆ, ಹೊಸ ಸೀರೆಯಲ್ಲಿ ಅಕ್ಷತಾ ಇದ್ದಳು, ಮಾರ್ಕೆಟ್ಟಿಗೆ ರಜೆ ಹಾಕಿದ ಗಿರಿಜಕ್ಕ ಇದ್ದಳು. ಉಳಿದದ್ದು ಕುರ್ಚಿಗಳು. ನನ್ನ ಜೀವಮಾನದಲ್ಲಿ ಅಷ್ಟು ಕುರ್ಚಿಗಳನ್ನು ಒಟ್ಟಿಗೆ ನೋಡಿರಲಿಲ್ಲ. ಹೆಲೆನ್ ಒಮ್ಮೆ ಗಡಿಯಾರ ನೋಡಿದರು, ಒಮ್ಮೆ ಬಾಗಿಲು ನೋಡಿದರು. ಜೀವನದಲ್ಲಿ ಒಂದು ನಿಮಿಷ ತಡ ಮಾಡದ, ತಡ ಮಾಡಿದವರನ್ನು ಕ್ಷಮಿಸದ ನಮ್ಮ ಮೇಡಂ, ಎಲ್ಲರೂ ದಾರಿಯಲ್ಲಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅವರ ಕೈ ಮಾತ್ರ ಸೆರಗಿನ ತುದಿಯನ್ನು ಸುತ್ತುತ್ತಲೇ ಇತ್ತು.

ಗಿರಿಜಕ್ಕ ನನ್ನ ಬಳಿ ಬಗ್ಗಿ, “ಯಾರೂ ಇಲ್ಯಲೆ, ಸೆಕ್ರೆಟ್ರೇ,” ಎಂದಳು. ತಮಾಷೆ ಇಲ್ಲದ ಅವಳ ಧ್ವನಿಯನ್ನು ನಾನು ಕೇಳಿದ್ದು ಅದೇ ಮೊದಲು. ಅಕ್ಷತಾ ಅಮ್ಮನ ಕೈ ಹಿಡಿದು, “ಸುಮ್ನಿರ್ ಅಬ್ಬಿ, ಬತ್ರ್,” ಎಂದಳು. ಅವಳು ನೋಡುತ್ತಿದ್ದದ್ದು ನೆಲವನ್ನು.

ಮೊದಲು ಬಂದವರು ದಂತವೈದ್ಯರು. ನೇರವಾಗಿ ಮೇಡಂ ಬಳಿ ಬಂದು, “ಆ ಹಲ್ ಹ್ಯಾಂಗಿತ್?” ಎಂದರು. ಆಮೇಲೆ ಬೈಂದೂರಿನ ಇಂಜಿನಿಯರರು, ಅವರ ಹೆಂಡತಿ, ಹೆಂಡತಿಯ ತಂಗಿ, ತಂಗಿಯ ಅತ್ತೆ. “ಹೇಳ್ಕಿ ಬಂದ್ ಮೇಲೆ ಬರ್ದೆ ಇಪ್ಪುಕಾತ್ತಾ?” ಎಂದು ಇಂಜಿನಿಯರರು ನನಗೇ ಬೈದರು. ಆಮೇಲೆ ಬಾಗಿಲಲ್ಲಿ ಚಪ್ಪಲಿಗಳ ಗುಡ್ಡೆ ಏಳತೊಡಗಿತು. ಹೇಳಿಕೆ ಮನೆಗೆ ಬಂದದ್ದಲ್ಲವೇ. ಹಾಗಾಗಿ ಮನೆಯೇ ಬಂದಿತ್ತು.

ಹೆಲೆನ್ ಫೈಲು ತೆರೆದು ತಲೆ ಎಣಿಸಲು ಹೊರಟರು. ಇಂಜಿನಿಯರರ ನಾದಿನಿಯ ಅತ್ತೆಯನ್ನು ತೋರಿಸಿ, ಇವರು ಯಾವ ವರ್ಷದ ವಿದ್ಯಾರ್ಥಿನಿ ಎಂದು ಕೇಳಿದರು. ಇಂಜಿನಿಯರರು ಗಂಭೀರವಾಗಿ, ನಾನು ಅಲ್ಲಿ ಓದುವಾಗ ಪ್ರತಿ ಹಡಗಿಗೆ ಉಪ್ಪಿನಕಾಯಿ ಕಳಿಸಿದವರು ಇವರು, ಪದವಿಯಲ್ಲಿ ಇವರ ಪಾಲೂ ಇದೆ ಎಂದರು. ಹಡಗಿನ ಕಾಲ ಅವರದಲ್ಲವೆಂದು ನನಗೆ ಗೊತ್ತಿತ್ತು. ಹೆಲೆನ್ ಅವರಿಗೂ ಗೊತ್ತಿದ್ದಿರಬೇಕು. ಸುಮ್ಮನೆ ನಕ್ಕರು, ಮತ್ತೆ ಮೊದಲಿನಿಂದ ಎಣಿಸಿದರು, ಮಕ್ಕಳು ಓಡಾಡಿ ಲೆಕ್ಕ ತಪ್ಪಿತು. ಮೂರನೆಯ ಸಲ ಎಣಿಸುವಷ್ಟರಲ್ಲಿ ಅಡುಗೆಯವರು ಎಲೆ ಹಾಕಿ, ಅವರನ್ನೂ ಕೂರಿಸಿಬಿಟ್ಟರು. ಪಂಕ್ತಿಯಲ್ಲಿ ಕೂತವರನ್ನು ಎಣಿಸುವುದು ನಮ್ಮಲ್ಲಿ ಶಿಷ್ಟಾಚಾರವಲ್ಲ ಎಂದು ಮೇಡಂ ಅವರ ಕಿವಿಯಲ್ಲಿ ಹೇಳಿದರು. ಆ ಶಿಷ್ಟಾಚಾರ ನಾನೂ ಅಂದೇ ಕೇಳಿದ್ದು.

ಊಟದ ನಡುವೆ ಹೆಲೆನ್ ಅಕ್ಷತಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಅಕ್ಷತಾ ಎಲೆಯ ಮೇಲಿನ ಅನ್ನವನ್ನೇ ದಡ ಮಾಡಿ, ಸಾರನ್ನು ಕಡಲು ಮಾಡಿ, ಕಲ್ಲು ಹಾಕಿದರೂ ಪಕ್ಕದಿಂದ ಹೇಗೆ ಕೊರೆಯುತ್ತದೆಂದು ತೋರಿಸುತ್ತಿದ್ದಳು. ಹೆಲೆನ್ ತಮ್ಮ ಎಲೆಯ ಮೇಲೂ ಒಂದು ದಡ ಕಟ್ಟಿದರು. ಅದು ನಿಲ್ಲಲಿಲ್ಲ.

ಊಟ ಮುಗಿಯಿತು. ಕಿರಿಮಂಜೇಶ್ವರದ ಬಸ್ಸಿಗೆಂದು ಗಿರಿಜಕ್ಕ ಮಗಳನ್ನು ಕರೆದುಕೊಂಡು ಹೋದಳು. ಹೆಲೆನ್ ಕಾರು ಹತ್ತಿ ಕೂತರು. ಮೇಡಂ ಕಾರಿನ ಕಿಟಕಿಗೆ ಬಗ್ಗಿ, ಅಷ್ಟು ಹೊತ್ತು ನುಂಗಿಕೊಂಡದ್ದನ್ನು ಕೇಳಿಯೇ ಬಿಟ್ಟರು: ಘಟಕ ಉಳಿಯುತ್ತದೆಯೇ? ಆ ಹುಡುಗಿಗೆ ಸೀಟು ಸಿಗುತ್ತದೆಯೇ?

ಹೆಲೆನ್ ಮೇಡಂ ಮುಖ ನೋಡಿದರು. ನನ್ನ ಮುಖ ನೋಡಿದರು. ಆಮೇಲೆ ಕಾರಿನಿಂದ ಇಳಿದು, ಮೇಡಂ ಕೈ ಹಿಡಿದು, ಹಾಲಿನ ಗೇಟಿನವರೆಗೆ ಅವರನ್ನು ನಡೆಸಿಕೊಂಡು ಹೋಗಿ, ಅಲ್ಲಿ ನಿಂತು, ಬಹಳ ಜೋಪಾನವಾಗಿ ಉಚ್ಚರಿಸಿದರು:

“ಕಾಂ–ಬ.”

ನನ್ನ ಎರಡು ಪುಟದ ಪ್ರಬಂಧವನ್ನು ಓದಿದ ಏಕೈಕ ಅಧಿಕಾರಿ ಅವರು.

ಮರುದಿನ ಬೆಳಿಗ್ಗೆ ಮಾರ್ಕೆಟ್ಟಿಗೆ ಹೋದೆ. ಗಿರಿಜಕ್ಕ ಯಾವ ಗಿರಾಕಿಯನ್ನೂ ನೋಡದೆ ನನ್ನನ್ನೇ ಕಾಯುತ್ತಿದ್ದಳು.

“ಎಂತ ಅಂದ್ರ್ ಆ ಅಮ್ಮ?”

“ಕಾಂಬ ಅಂದ್ರ್.”

ಅವಳ ಮುಖ ಇಳಿಯಿತು. ಆಮೇಲೆ ಏನೋ ಹೊಳೆದು, “ನಿತ್ಕಂಡ್ ಅಂದ್ರಾ, ಕೂಕಂಡ್ ಅಂದ್ರಾ?” ಎಂದಳು.

“ಕಾರಂಗ್ ಕೂಕಂಡಿದ್ರ್. ಇಳ್ದ್, ಗೇಟ್ ವರೆಗೆ ಬಂದ್ ಅಂದ್ರ್.”

“ದನ ಗಿನ ಇತ್ತಾ ಅಲ್ಲಿ?”

“ಒಂದೂ ಇರ್ಲಿಲ್ಲ, ಗಿರಿಜಕ್ಕ.”

ಗಿರಿಜಕ್ಕ ಐಸಿನ ಅಡಿಗೆ ಮೊಣಕೈವರೆಗೆ ಕೈ ಹಾಕಿ ಒಂದು ದೊಡ್ಡ ಅಂಜಲ್ ಮೀನು ಎಳೆದಳು. ಅಂಥ ಅಂಜಲ್ ನನ್ನಂಥವನ ಚೀಲದಲ್ಲಿ ಅದುವರೆಗೆ ಮಲಗಿದ್ದಿಲ್ಲ. ಬಾಲ ಹೊರಗೇ ಉಳಿಯಿತು. ಕಡಲಾಚೆಯ ಮೇಲ್ ಬಂದದ್ದು ಅದಾಗಿ ಎಷ್ಟೋ ದಿನಗಳ ಮೇಲೆ. ಘಟಕ ಇದೆ, ಸೀಟು ಇದೆ, ಅಕ್ಷತಾ ಬರಬಹುದು ಎಂದಿತ್ತು. ಓದಿದೆ. ಹೊಸ ವಿಷಯವೇನೂ ಇರಲಿಲ್ಲ.

ಅಂಜಲ್ ಕೊಟ್ಟ ಆ ಬೆಳಿಗ್ಗೆ ಗಿರಿಜಕ್ಕ ತನ್ನ ಮಣೆಯಿಂದ ಎದ್ದಳು. ನಾನು ಕಂಡಂತೆ ವ್ಯಾಪಾರದ ಹೊತ್ತಿನಲ್ಲಿ ಅವಳು ಯಾರಿಗೂ ಎದ್ದವಳಲ್ಲ. ಕೈ ಒರೆಸಿಕೊಳ್ಳುತ್ತಾ ನನ್ನ ಜೊತೆ ಮಾರ್ಕೆಟ್ಟಿನ ಗೇಟಿನವರೆಗೆ ಬಂದಳು.

“ಕಾಣಿ ಸೆಕ್ರೆಟ್ರೇ, ಹೆಣ್ಣ್ ಹೋಪು ಮುಂಚೆ ಒಂದಿನ ನಮ್ಮನಿಗೆ ಉಂಬುಕೆ ಬರ್ಕ್. ಮೇಡಮ್ಮನ್ನೂ ಕರ್ಕಂಡ್ ಬರ್ಕ್. ಇದ್ ಫೋನಂಗ್ ಅಲ್ಲ, ಬಾಯಂಗ್ ಹೇಳ್ತಿದ್ದೆ.”

“ಕಾಂಬ, ಗಿರಿಜಕ್ಕ,” ಎಂದೆ.

ಅವಳು ನನ್ನ ಕಾಲು ನೋಡಿದಳು, ಗೇಟು ನೋಡಿದಳು, ಅತ್ತಿತ್ತ ದನವೇನಾದರೂ ಇದೆಯೇ ಎಂದೂ ನೋಡಿದಳು.

“ಹಾಂಗಾರೆ ಎಲಿ ಹಾಕ್ತೆ,” ಎಂದು ಮಣೆಯತ್ತ ತಿರುಗಿ ನಡೆದಳು.